ಟೀ ಕುಡಿದು ಬಾ, ಸುವಾರ್ತೆ

"ಇದೂ ಸುಳ್ಳು ಮಾಮ," ಎಂದು ಮೆಕ್ಯಾನಿಕ್‌ನ ಮಗಳು ಕಾಗದದ ಮೂರನೆಯ ಸಾಲನ್ನೂ ಹೊಡೆದುಹಾಕಿದಳು.

ಚರ್ಚಿನ ಪಕ್ಕದ ಕೋಣೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಗೋಡೆಯಾಚೆ ಅವಳ ಅಪ್ಪ ಪೆಟ್ಟಿಗೆಯಲ್ಲಿ ಮಲಗಿದ್ದ. ಅವನಿಗೆ ಇಪ್ಪತ್ತೆರಡು ವರ್ಷ ಕೆಲಸ ಕೊಟ್ಟಿದ್ದ, ಹಳೆಯ ಫ್ರಿಜ್ ಮಾರುವ ಅಂಗಡಿಯ ಮಾಲೀಕ, ಇಲ್ಲಿ ಕಪ್ಪು ಕೋಟಿನೊಳಗೆ ಬೆವರುತ್ತಿದ್ದ.

"'ಅವನಿಗೆ ಕೋಪವೆಂದರೇನೆಂದೇ ಗೊತ್ತಿರಲಿಲ್ಲ.' ಇದರಲ್ಲಿ ಸುಳ್ಳೇನಿದೆ?"

"ಹೋದ ತಿಂಗಳು ಅಪ್ಪ ಸ್ಪ್ಯಾನರ್ ನೆಲಕ್ಕೆ ಬಡಿದು, ಅದು ಪುಟಿದು ನಿಮ್ಮ ಶೋಕೇಸ್ ಗಾಜು ಹೋಯ್ತಲ್ಲ?"

"ಆಮೇಲೆ ಬಂದು ಕ್ಷಮೆ ಕೇಳಿದ. ಗಾಜಿಗಲ್ಲ, ಕೋಪಕ್ಕೆ."

"ಹಾಗಂತ ಬರೀರಿ."

ಮಾಲೀಕ ಮುಂದಿನ ಸಾಲಿನ ಮೇಲೆ ಬೆರಳಿಟ್ಟ. "'ನನಗೆ ಅವನು ಸ್ವಂತ ತಮ್ಮನ ಹಾಗಿದ್ದ.'"

"ನಿಮ್ಮ ಸ್ವಂತ ತಮ್ಮನ ಜೊತೆ ನೀವು ಮಾತು ಬಿಟ್ಟು ಒಂಬತ್ತು ವರ್ಷ ಆಯ್ತು."

ಅವನು ಕಾಗದವನ್ನು ಅವಳ ಕಡೆ ತಳ್ಳಿದ. "ಹೊಡಿ."

ಇದೆಲ್ಲ ಸತ್ತವನೇ ಹಚ್ಚಿಟ್ಟು ಹೋದ ಕೆಲಸ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಕೇಳಿದ್ದ: "ಮಣ್ಣಿನ ದಿನ ನೀವು ಎರಡು ನಿಮಿಷ ಮಾತಾಡ್ಬೇಕು ಸಾರ್. ಒಂದೂ ಸುಳ್ಳಿರಬಾರದು." ಮಾಲೀಕ ನಕ್ಕು ಮಾತು ಕೊಟ್ಟುಬಿಟ್ಟಿದ್ದ. ಮಾತು ಕೊಡುವುದು ಅವನಿಗೆ ನೀರು ಕುಡಿದಷ್ಟೇ ಸುಲಭ. ಆದರೆ ಈ ಸಲದ್ದು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಸತ್ತವನನ್ನು 'ನಾಳೆ ಬಾ' ಎಂದು ಸಾಗಹಾಕುವಂತಿರಲಿಲ್ಲ. ಹೊರಗೆ ಬೀದಿಯ ಅಂಗಡಿಯವರೆಲ್ಲ ಬಂದು ಕೂತಿದ್ದರು. ಇವನ ಬಾಯಿಂದ ಎರಡು ನಿಮಿಷ ನಿಜ ಬರುತ್ತದೋ ಇಲ್ಲವೋ ನೋಡೋಣ ಎನ್ನುವ ಕುತೂಹಲ ಅವರ ಅಳುವಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೇ ಇತ್ತು.

*

ಇಪ್ಪತ್ತೆರಡು ವರ್ಷದ ಹಿಂದೆ, ಅವನು ಕೆಲಸಕ್ಕೆ ಸೇರಿದ ಮೊದಲ ದಿನವೇ ಕೆಟ್ಟಿತ್ತು. ಒಬ್ಬ ಹೆಂಗಸು ಬಿಳಿ ಫ್ರಿಜ್ಜಿನ ಬಾಗಿಲು ತೆಗೆದು, ಹಾಕಿ, ಮತ್ತೆ ತೆಗೆದು ನೋಡುತ್ತಿದ್ದಳು.

"ಹೊಸದರ ಹಾಗೇ ಇದೆ ಅಮ್ಮ," ಎಂದ ಮಾಲೀಕ. "ಬೇಕಾದ್ರೆ ನಮ್ಮ ಹೊಸ ಮೆಕ್ಯಾನಿಕ್‌ನ ಕೇಳಿ. ಏನಪ್ಪಾ?"

"ಗ್ಯಾಸ್ ಸೋರ್ತಿದೆ ಅಮ್ಮ," ಎಂದ ಮೆಕ್ಯಾನಿಕ್. "ಮೂರು ತಿಂಗಳು ನಡೆದ್ರೆ ಹೆಚ್ಚು."

ಅವಳು ಹೋದ ಮೇಲೆ ಮಾಲೀಕ ತಲೆ ಮೇಲೆ ಕೈ ಹೊತ್ತುಕೊಂಡ. "ಒಂದು ಮಾತು ತೇಲಿಸಿ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಸುಳ್ಳು ಬೇಡ ಅಂತ ಯೇಸು ಹೇಳಿದಾರೆ ಸಾರ್."

"ನಿನ್ನ ಯೇಸು ಫ್ರಿಜ್ ಮಾರಿದ್ರಾ?"

"ಇಲ್ಲ ಸಾರ್, ಬಡಗಿ ಕೆಲಸ ಮಾಡ್ತಿದ್ರು. ಅವರು ಮಾಡಿದ ಮೇಜು ಕುಂಟ್ತಿರ್ಲಿಲ್ಲ ಅಂತ ನನ್ನ ನಂಬಿಕೆ."

ಅವತ್ತೇ ಅವನಿಗೆ, ಬೈಬಲ್ಲಿನ ಪದ ಹಿಡಿದು, 'ಸುವಾರ್ತೆ' ಎಂದು ಹೆಸರು ಬಿತ್ತು. ಸಂಜೆಯೊಳಗೆ ಬೀದಿಗೆಲ್ಲ ಹರಡಿತು. "ಸುವಾರ್ತೆ, ಈ ಫ್ಯಾನಿಗೆ ದೆವ್ವ ಹಿಡಿದಿದೆ, ಬಿಡಿಸು ಬಾ." "ಸುವಾರ್ತೆ, ನಾಳೆ ಕರೆಂಟ್ ಇರುತ್ತಾ, ಮೇಲಿನವರನ್ನ ಕೇಳು." ಅವನು ಬೆಳಿಗ್ಗೆ ಶಟರ್ ಎತ್ತುವ ಮುಂಚೆ ಒಂದು ನಿಮಿಷ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಅದೂ ತಮಾಷೆಯಾಯಿತು.

"ಪ್ರಾರ್ಥನೇಲಿ ಏನು ಕೇಳ್ತೀಯ?"

"ನಿಮಗೆ ಗಿರಾಕಿ ಬರ್ಲಿ ಅಂತ."

"ಬಂದ ಗಿರಾಕಿನ ಓಡ್ಸೋನು ನೀನೇ ಅಲ್ವೇನೋ!"

ಕೈಕೆಲಸದಲ್ಲಿ ಅವನನ್ನು ಮೀರಿಸುವ ಮೆಕ್ಯಾನಿಕ್ ಸುತ್ತಮುತ್ತ ಇರಲಿಲ್ಲ; ಹಾಗಾಗಿ ಓಡಿಸುವಂತಿರಲಿಲ್ಲ. ಮಾಲೀಕ ಒಂದು ಉಪಾಯ ಕಂಡುಕೊಂಡ. ಗಿರಾಕಿಯ ನೆರಳು ಬಾಗಿಲಿಗೆ ಬಿದ್ದ ಕೂಡಲೇ, "ಟೀ ಕುಡಿದು ಬಾ, ಸುವಾರ್ತೆ." ವ್ಯಾಪಾರ ಜೋರಿದ್ದ ದಿನ ಮೆಕ್ಯಾನಿಕ್ ಪಕ್ಕದ ಟೀ ಅಂಗಡಿಯಲ್ಲಿ ಒಂಬತ್ತು ಟೀ ಕುಡಿದು ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಮಲಗುತ್ತಿದ್ದನಂತೆ.

*

ಪೆಟ್ಟಿಗೆಯನ್ನು ಚರ್ಚಿನ ಅಂಗಳಕ್ಕೆ ತಂದಿಟ್ಟಾಗ ಜನ ಸಣ್ಣಗೆ ನಗುತ್ತಿದ್ದರು. ಪಾಸ್ಟರ್ ತಮ್ಮದೇ ಕತೆ ಹೇಳುತ್ತಿದ್ದರು.

"ನನ್ನ ಪ್ರವಚನ ಹೇಗಿತ್ತು ಅಂತ ಒಂದು ಭಾನುವಾರ ಇವನನ್ನ ಕೇಳ್ದೆ. 'ಮೊದಲ ಹತ್ತು ನಿಮಿಷ ಚೆನ್ನಾಗಿತ್ತು ಪಾಸ್ಟರ್' ಅಂದ. ನಾನು ಮಾತಾಡಿದ್ದು ಮುಕ್ಕಾಲು ಗಂಟೆ."

ಮಾಲೀಕನಿಗೆ ನಗು ಬರಲಿಲ್ಲ. ಅವನ ಕಾಗದದಲ್ಲಿ ಈಗ ಉಳಿದಿದ್ದು 'ಎಲ್ಲರಿಗೂ ನಮಸ್ಕಾರ' ಎನ್ನುವುದೊಂದೇ. ಅದನ್ನೂ ಮಗಳು ಒಂದು ಕ್ಷಣ ಅನುಮಾನದಿಂದ ನೋಡಿದ್ದಳು.

*

ಒಮ್ಮೆ ಮೆಕ್ಯಾನಿಕ್‌ನ ಕೆಲಸವೇ ಹೋಗಿತ್ತು. ದೊಡ್ಡ ಹೋಟೆಲೊಂದು ಹನ್ನೆರಡು ಫ್ರಿಜ್ ಕೇಳಿತ್ತು. ಎಲ್ಲದಕ್ಕೂ ಹೊಸ ಕಂಪ್ರೆಸರ್ ಹಾಕಿದೆ ಎಂದು ಮೆಕ್ಯಾನಿಕ್ ಸಹಿ ಮಾಡಿಕೊಡಬೇಕು. ಹಾಕಿದ್ದು ಐದಕ್ಕೆ.

"ಐದಕ್ಕೆ ಅಂತ ಬರೀರಿ, ಮಾಡ್ತೀನಿ."

"ಉಳಿದ ಏಳಕ್ಕೆ ನಿನ್ನ ತಾತ ಬಂದು ಹಾಕ್ತಾನಾ? ಸಹಿ ಹಾಕು, ಇಲ್ಲಾಂದ್ರೆ ಮನೆಗೆ ಹೋಗು. ನಿನ್ನ ದೇವರು ಮಗಳಿಗೆ ಸ್ಕೂಲ್ ಬ್ಯಾಗ್ ಕೊಡಿಸ್ತಾನೇನೋ ನೋಡೋಣ."

ಅಕ್ಕಪಕ್ಕದ ಅಂಗಡಿಯವರು ಬಾಗಿಲಿಗೆ ಬಂದು ನಿಂತಿದ್ದರು. ಯಾರೋ ಹಾಡಿನ ಧಾಟಿಯಲ್ಲಿ "ಆಮೆನ್" ಎಂದ. ಮೆಕ್ಯಾನಿಕ್ ಸ್ಪ್ಯಾನರುಗಳನ್ನು ಒರೆಸಿ, ಅಳತೆಯ ಪ್ರಕಾರ ಸಾಲಾಗಿ ಜೋಡಿಸಿಟ್ಟ. ಹದಿನಾಲ್ಕನೆಯ ನಂಬರಿನದು ಕೈಯಿಂದ ಎರಡು ಸಲ ಬಿತ್ತು. ಆಮೇಲೆ ಹೊರಟುಹೋದ.

ಹನ್ನೊಂದು ದಿನ ಅಂಗಡಿಯಲ್ಲಿ ಒಂದು ಫ್ರಿಜ್ಜೂ ಮಾರಾಟವಾಗಲಿಲ್ಲ. ಚಳಿ ಜಾಸ್ತಿ, ಅದಕ್ಕೇ ಎಂದುಕೊಂಡ ಮಾಲೀಕ. ಹನ್ನೆರಡನೆಯ ದಿನ ರಿಪೇರಿ ರಾಶಿಬಿದ್ದಿದ್ದಕ್ಕೆ ತಾನೇ ಹೋಗಿ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬಂದ. ಮರುದಿನದಿಂದ ವ್ಯಾಪಾರ ಕುದುರಿತು. ಚಳಿ ಕಮ್ಮಿಯಾಯಿತು ಎಂದುಕೊಂಡ.

*

"ಅಳ್ಬೇಡಿ ಅಣ್ಣ," ಎಂದಳು ಟೀ ಅಂಗಡಿಯವಳು, ಚರ್ಚಿನ ಗೇಟಿನ ಹತ್ತಿರ ಮಾಲೀಕನ ಪಕ್ಕಕ್ಕೆ ಬಂದು.

"ಅಳ್ತಿಲ್ಲ. ಏನು ಮಾತಾಡ್ಲಿ ಅಂತ ತಲೆ ಕೆಟ್ಟಿದೆ."

"ನಂಗೆ ನಷ್ಟ ಆಯ್ತು ನೋಡಿ. ನಿಮ್ಮ ಗಿರಾಕಿಗಳೆಲ್ಲ ಇನ್ನು ನನ್ನ ಅಂಗಡಿಗೆ ಯಾಕೆ ಬರ್ತಾರೆ?"

"ನನ್ನ ಗಿರಾಕಿಗಳು ನಿನ್ನ ಅಂಗಡಿಗೆ ಯಾಕೆ ಬರ್ತಿದ್ರು?"

ಅವಳು ಅವನ ಮುಖವನ್ನೇ ನೋಡಿದಳು. "ಅಯ್ಯೋ, ನಿಮಗೆ ಗೊತ್ತಿಲ್ವಾ? 'ಯೋಚ್ನೆ ಮಾಡಿ ಬರ್ತೀವಿ' ಅಂತ ನಿಮ್ಮ ಹತ್ರ ಹೇಳಿ ಎಲ್ಲಿಗೆ ಹೋಗ್ತಿದ್ರು ಅಂದ್ಕೊಂಡ್ರಿ? ನೇರ ನನ್ನ ಬೆಂಚಿಗೆ, ಅವನ ಪಕ್ಕಕ್ಕೆ. 'ಅಣ್ಣ, ಆ ಬಿಳೀದು ಹೇಗಿದೆ?' 'ಬೇಡ. ಮೂಲೇಲಿರೋ ಹಸಿರು ತಗೊಳ್ಳಿ, ಹತ್ತು ವರ್ಷ ಏನೂ ಆಗಲ್ಲ.' ಟೀ ಕುಡಿದು ವಾಪಸ್ ಬಂದು ಹಸಿರು ಕೊಡಿ ಅಂತಿದ್ರು. ಇಡೀ ಊರಿಗೆ ಗೊತ್ತು."

ಇಪ್ಪತ್ತೆರಡು ವರ್ಷ, ತನ್ನ ಮಾತು ನಾಟಿತು ಎಂದುಕೊಂಡಿದ್ದ, ಗಿರಾಕಿಗಳು ಹೋಗಿ ಮರಳಿ ಬಂದ ಹತ್ತು ಹತ್ತು ನಿಮಿಷಗಳೆಲ್ಲ ಮಾಲೀಕನ ಕಣ್ಣೆದುರು ಸಾಲುಗಟ್ಟಿ ನಿಂತವು. ಚಳಿ ಇದ್ದ ಆ ಹನ್ನೊಂದು ದಿನವೂ.

"ನನಗೊಂದು ಮಾತು ಹೇಳ್ಬಾರದಿತ್ತಾ ಅವನು!"

"ನೀವು ಕೇಳಿದ್ರಾ? ಕೇಳಿದ್ರೆ ಹೇಳೇ ಹೇಳ್ತಿದ್ದ."

ಪಾಸ್ಟರ್ ಕೈಸನ್ನೆ ಮಾಡಿದರು. ಮಾಲೀಕ ಪೆಟ್ಟಿಗೆಯ ಪಕ್ಕಕ್ಕೆ ಹೋಗಿ ನಿಂತ. ಕಾಗದವನ್ನು ಜೇಬಿಗೆ ತುರುಕಿದ.

"ಇವನನ್ನ ನಾನು ಇಪ್ಪತ್ತೆರಡು ವರ್ಷ ಆಡ್ಕೊಂಡೆ. ಸುವಾರ್ತೆ ಅಂತ ಹೆಸರಿಟ್ಟೋನು ನಾನೇ. ನೀವೆಲ್ಲ ಬರೀ ಕರೆದ್ರಿ."

ಬೀದಿಯವರ ನಡುವೆ ಬೀಗ ರಿಪೇರಿಯವನು ಕೆಮ್ಮಿದ.

"ಸಹಿ ಹಾಕು ಅಂದೆ, ಹಾಕ್ಲಿಲ್ಲ. ಅವತ್ತು ಇವನ ಕೈಯಿಂದ ಸ್ಪ್ಯಾನರ್ ಎರಡು ಸಲ ಬಿತ್ತು. ಹೆದರಿದಾನೆ ಅಂತ ಖುಷಿಪಟ್ಟೆ. ಹೆದರಿಕೊಂಡೇ ಹಾಕ್ಲಿಲ್ಲ ಅಂತ ಈಗ ಹೊಳೀತಿದೆ. ನನ್ನ ನಾಲಿಗೆಯಿಂದ ಅಂಗಡಿ ನಡೀತಿದೆ ಅಂದ್ಕೊಂಡಿದ್ದೆ. ನಡೀತಿದ್ದದ್ದು ಟೀ ಅಂಗಡಿ ಬೆಂಚಿನ ಮೇಲೆ. ಇದು ನನಗೆ ಗೊತ್ತಾಗಿ ಐದು ನಿಮಿಷ ಆಯ್ತು."

ಈಗ ಯಾರೂ ನಗು ತಡೆಯಲಿಲ್ಲ. ಮೆಕ್ಯಾನಿಕ್‌ನ ಹೆಂಡತಿಯೂ ಕರವಸ್ತ್ರದೊಳಗೆ ನಕ್ಕಳು. ಅವನು ನಗು ನಿಲ್ಲುವವರೆಗೆ ಕಾದ.

"ದೇವರು ಇದಾನೋ ಇಲ್ವೋ ನನಗೆ ಗೊತ್ತಿಲ್ಲ. ಇದಾನೆ ಅಂತ ಇಲ್ಲಿ ನಿಂತು ಹೇಳಿದ್ರೆ ಸುಳ್ಳಾಗುತ್ತೆ. ಆದ್ರೆ ಇವನು ದಿನಾ ಬೆಳಿಗ್ಗೆ ಇದಾನೆ ಅಂತಿದ್ದ. ಇವನು ಸುಳ್ಳು ಹೇಳಿದ್ದು ನಾನಂತೂ ಕಂಡಿಲ್ಲ. ಇನ್ನು ನೀವೇ ಯೋಚಿಸಿ."

ಅವನು ಬಂದು ಕೂತಾಗ ಮಗಳು ಗಡಿಯಾರ ನೋಡಿ, "ಒಂದೂವರೆ ನಿಮಿಷ," ಎಂದು ಪಿಸುಗುಟ್ಟಿದಳು. ಅವಳ ಗಲ್ಲ ಒದ್ದೆಯಾಗಿತ್ತು. "ಅಷ್ಟು ಸಾಕು ಮಾಮ."

ಮಣ್ಣು ಹಾಕಿ ಜನ ಚದುರುವಾಗ ಒಬ್ಬ ಹುಡುಗಿ, ಒಬ್ಬ ಹುಡುಗ ಏದುಸಿರು ಬಿಡುತ್ತ ಗೇಟಿಗೆ ಬಂದರು. ಹೊಸದಾಗಿ ಮದುವೆಯಾದವರು, ಇನ್ನೂ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುತ್ತಿದ್ದರು.

"ಟೀ ಅಂಗಡಿ ಮುಚ್ಚಿತ್ತು, ಮೆಕ್ಯಾನಿಕ್ ಅಣ್ಣ—"

"—ಇಲ್ಲಿದಾರೆ ಅಂದ್ರು."

"ಇದಾರೆ," ಎಂದಳು ಟೀ ಅಂಗಡಿಯವಳು. "ಆದ್ರೆ ಇವತ್ತು ಮಾತಾಡಲ್ಲ."

ಅರ್ಥವಾದಾಗ ಇಬ್ಬರೂ ಪೆಚ್ಚಾದರು. ಹೊರಡಲು ತಿರುಗಿದ ಹುಡುಗಿ, ತಡೆಯಲಾರದೆ ಮಾಲೀಕನನ್ನೇ ಕೇಳಿದಳು: "ಹೋದ ವಾರ ತೋರಿಸಿದ್ರಲ್ಲ, ಕೆಂಪು ಫ್ರಿಜ್ಜು... ಅದು ಹೇಗಿದೆ ಸಾರ್?"

"ಹೊಸದರ..." ಎಂದು ನಾಲಿಗೆ ಆಗಲೇ ಹೊರಟಿತ್ತು. ಅವನು ಬಾಯಿ ಮುಚ್ಚಿದ. ಟೀ ಅಂಗಡಿಯವಳು ಬೇರೆ ಕಡೆ ನೋಡಿದಳು.

"ಗೊತ್ತಿಲ್ಲಮ್ಮ," ಎಂದ. ನಿಜವಾಗಿಯೂ ಗೊತ್ತಿರಲಿಲ್ಲ. "ಬನ್ನಿ, ನೋಡೋಣ."

ಅಂಗಡಿ ಎರಡು ಬೀದಿಯಾಚೆ. ಮಾಲೀಕ ಶಟರನ್ನು ಅರ್ಧ ಎತ್ತಿ ಒಳನುಗ್ಗಿದ, ಕೆಂಪು ಫ್ರಿಜ್ಜನ್ನು ಗೋಡೆಯಿಂದ ಎಳೆದು ಪ್ಲಗ್ ಹಾಕಿದ. ಅಂಗಡಿ ಇಡುವ ಮೊದಲು ಎರಡು ವರ್ಷ ಅವನೂ ರಿಪೇರಿ ಕಲಿತಿದ್ದ. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಕೋಟು ತೆಗೆಯುವುದನ್ನೂ ಮರೆತು ಹಿಂಬದಿಗೆ ಹೋಗಿ ಮೊಣಕಾಲೂರಿದ.

"ಸಾರ್, ಇದರ ಬಾಗಿಲು—" ಎಂದು ಹುಡುಗ ಶುರುಮಾಡಿದ.

ಮಾಲೀಕ ಕೈಯೆತ್ತಿ ಸುಮ್ಮನಿರಿಸಿದ. ಹುಡುಗ, ಹುಡುಗಿ ಉಸಿರು ಬಿಗಿಹಿಡಿದು ನಿಂತರು. ಊರಿನ ಅತಿ ದೊಡ್ಡ ಮಾತುಗಾರ, ತೋಳಿಗೆ ಜೇಡರ ಬಲೆ ಅಂಟಿಸಿಕೊಂಡು, ಬೆಚ್ಚಗಾಗತೊಡಗಿದ ಕಂಪ್ರೆಸರಿನ ಪಕ್ಕ ಕಿವಿಯಿಟ್ಟು, ತುಟಿ ಬಿಗಿದುಕೊಂಡು ಕೇಳಿಸಿಕೊಳ್ಳುತ್ತಲೇ ಇದ್ದ.