ಮೊಳೆಯಿಲ್ಲದ ಜಾಗ

ಪೆಟ್ಟಿಗೆಯಲ್ಲಿ ಮಲಗಿದ್ದ ಅಪ್ಪನ ಕೋಟಿನ ಒಳಜೇಬಿಗೆ ಮಗಳು ಕೈ ಹಾಕಿದ್ದೇ ತಡ, ಸೋದರತ್ತೆ ಅವಳ ಮಣಿಕಟ್ಟು ಹಿಡಿದುಕೊಂಡಳು.

“ಏನೇ ಇದು! ಸತ್ತವರ ಜೇಬು ತಡಕ್ತಾರಾ ಯಾರಾದ್ರೂ?”

“ಪರವಾನಗಿ ಕಾಗದ ಅತ್ತೆ. ಕೋಟು ತೊಡಿಸಿದ್ದು ನೀವೇ. ಜೇಬು ನೋಡಿ ತೊಡಿಸಬೇಕಿತ್ತು.”

ನಾಲ್ಕಾಗಿ ಮಡಚಿದ ಕಾಗದ ಸಿಕ್ಕಿತು. ಮನೆಗಳ ಮೇಲಿನ ಇಳಿಜಾರಿನ ಒಣಹುಲ್ಲು, ತರಗೆಲೆ ಸುಡಲು ಅನುಮತಿ. ಇವತ್ತು, ಮೂರರಿಂದ ಆರು ಗಂಟೆಯವರೆಗೆ. ಬೆಂಕಿ ದಾಟದಂತೆ ಅಗೆಯುವ ಸಾಲು ಕಾಯಲು ಹತ್ತು ಜನ ಇರಲೇಬೇಕು. ಅಪ್ಪ ಕಾಡುಗಾವಲಿನ ಕೆಲಸದಿಂದ ನಿವೃತ್ತನಾದ ಮೇಲೂ ಕಚೇರಿಯ ಮೆಟ್ಟಿಲು ಸವೆಸಿ ಪಡೆದ ಕಾಗದ. ಅದು ಕೈಗೆ ಬಂದ ಮೂರನೇ ದಿನ ಎದೆ ಹಿಡಿದುಕೊಂಡು ಕುಸಿದಿದ್ದ.

“ಹನ್ನೆರಡಕ್ಕೆ ಮಣ್ಣು. ಮೂರಕ್ಕೆ ಬೆಂಕಿ,” ಎಂದಳು ಮಗಳು. “ನಾಳೆಯಿಂದ ಒಣಗಾಳಿ ಏಳುತ್ತೆ. ಇವತ್ತು ಬಿಟ್ರೆ ಈ ವರ್ಷ ಇಲ್ಲ.”

“ಜೀವಮಾನವೆಲ್ಲ ಬೆಂಕಿ ಆರಿಸಿದವನನ್ನ ಬೆಂಕಿ ಹಚ್ಚಿ ಕಳಿಸ್ತೀಯಾ?” ದಿಮ್ಮಿ ಸಾಗಿಸುವ ಲಾರಿಯ ಡ್ರೈವರ್ ಬಾಗಿಲಲ್ಲೇ ಕೇಳಿದ. ಒಂದಿಬ್ಬರಿಗೆ ನಗು ಬಂತು, ನುಂಗಿಕೊಂಡರು.

ಚಿಕ್ಕಪ್ಪ ನಗಲಿಲ್ಲ. ಪೆಟ್ಟಿಗೆ ಮಾಡಿದವನು ಅವನೇ. ಮುಚ್ಚಳ ಜಡಿಯಲು ಸುತ್ತಿಗೆ ಹಿಡಿದು ನಿಂತಿದ್ದ.

“ಆ ಮಾತು ನನ್ನ ಮುಂದೆ ಎತ್ತಬೇಡ. ನನ್ನ ಮರದ ಮಿಲ್ಲು ಬೂದಿಯಾಗಿದ್ದು ಆ ಇಳಿಜಾರಿನ ಬೆಂಕಿಗೇ. ಒಬ್ಬರೂ ಅಲ್ಲಿಗೆ ಹೋಗಕೂಡದು!”

*

ಮಿಲ್ಲು ಸುಡುವುದಕ್ಕೂ ಹನ್ನೆರಡು ವರ್ಷ ಮುಂಚೆ ಆ ಇಳಿಜಾರಿಗೆ ಸಿಡಿಲು ಬಡಿದಿತ್ತು. ಹುಲ್ಲಿಗೆ ಹತ್ತಿದ್ದು ಮೊಣಕಾಲೆತ್ತರದ ಬೆಂಕಿ. ಅಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಎರಡೇ ಗಂಟೆಯಲ್ಲಿ ಆರಿಸಿದ. ಕಚೇರಿಯವರು ಪದಕ ಕೊಟ್ಟರು. ಚಿಕ್ಕಪ್ಪ ಅದನ್ನು ಕಂಡಕಂಡವರಿಗೆಲ್ಲ ತೋರಿಸಿದ.

ಆಮೇಲೆ ತರಗೆಲೆಯ ಮೇಲೆ ತರಗೆಲೆ ಬಿತ್ತು. ಸತ್ತ ಕೊಂಬೆಗಳು ಪೇರಿಕೊಂಡವು, ಸಸಿಗಳು ಒತ್ತೊತ್ತಾಗಿ ಎದ್ದವು. ಮುಂದಿನ ಬೆಂಕಿ ಬಂದಾಗ ನೇರ ಮರದ ತುದಿಗೇ ಹತ್ತಿತು. ಒಂದೇ ಮಧ್ಯಾಹ್ನದಲ್ಲಿ ಕಾಡೂ ಹೋಯಿತು, ಮಿಲ್ಲೂ ಹೋಯಿತು.

ಸುಟ್ಟು ನಿಂತ ಹಳೇ ಮರವೊಂದರಿಂದ ಅಪ್ಪ ಊಟದ ತಟ್ಟೆಯಗಲದ ಬಿಲ್ಲೆ ಕೊಯ್ದು ತಂದ. ಜಗಲಿಯಲ್ಲಿ ಕೂತು ಉಜ್ಜಿ ನುಣುಪು ಮಾಡಿದ. ವರ್ಷಕ್ಕೊಂದರಂತೆ ಉಂಗುರಗಳು, ನಡುನಡುವೆ ಹಳೇ ಬೆಂಕಿಗಳು ಬಿಟ್ಟ ಕಪ್ಪು ಗಾಯ. ಗಾಯಕ್ಕೊಂದು ಮೊಳೆ ಹೊಡೆದ. ಹನ್ನೊಂದು ಮೊಳೆ. ಎಂಟು ವರ್ಷಕ್ಕೊಂದು, ಹತ್ತಕ್ಕೊಂದು, ಏಳಕ್ಕೊಂದು. ಅಷ್ಟೆಲ್ಲ ಸುಟ್ಟರೂ ಮರ ಬದುಕಿತ್ತು. ಕೊನೆಯ ಮೊಳೆಯಿಂದ ತೊಗಟೆಯವರೆಗೆ ಅರವತ್ತು ಉಂಗುರ ಖಾಲಿ.

“ಇದು ನಾವು ಆರಿಸುತ್ತಾ ಬಂದ ಕಾಲ,” ಎಂದಿದ್ದ ಮಗಳಿಗೆ. “ಆ ಸಿಡಿಲಿನ ಬೆಂಕಿ ಮನೆ ಗುಡಿಸೋಕೆ ಬಂದಿತ್ತು ಪುಟ್ಟಿ. ನಾನು ಪೊರಕೆ ಕಿತ್ಕೊಂಡು ಓಡಿಸಿದೆ. ನಿನ್ನ ಚಿಕ್ಕಪ್ಪನಿಗೆ ಹೇಳಬೇಡ.”

*

ಇಷ್ಟು ವರ್ಷ ಅವಳು ಹೇಳಿರಲಿಲ್ಲ. ಈಗ ಹೇಳಿದಳು, ಎಲ್ಲರೆದುರು.

ಚಿಕ್ಕಪ್ಪ ಅಣ್ಣನ ಮುಖವನ್ನೇ ನೋಡುತ್ತ ನಿಂತ. “ಅಂದ್ರೆ ಪದಕ ತಂದ ದಿನವೇ ನನ್ನ ಮಿಲ್ಲು ಸುಟ್ಟಿತ್ತು ಅಂತೀಯಾ?”

“ಅಪ್ಪ ಹಾಗೇ ಅಂದ್ಕೊಂಡಿದ್ದ.”

“ಎದುರು ಮನೇಲಿದ್ದೆ ಕಣೇ ನಾನು! ಬಾಯಿ ಬಿಡೋಕೆ ಏನಾಗಿತ್ತು ಇವನಿಗೆ?”

ಅವನು ಮುಚ್ಚಳ ಎಳೆದು ಜಡಿಯತೊಡಗಿದ. ಒಂದು ಮೊಳೆ ಉಳಿಯಿತು. ಜೇಬಿಗೆ ಹಾಕಿಕೊಂಡ.

ಮಣ್ಣು ಮುಗಿದ ಮೇಲೆ ಮಗಳು ಗುದ್ದಲಿಗಳನ್ನು ಅಲ್ಲೇ ತಡೆದಳು. “ಮನೆಗೆ ಒಯ್ಯಬೇಡಿ. ಬರೋರು ಬನ್ನಿ.”

ಡ್ರೈವರ್ ಮೊದಲು ಬಂದ. ಅತ್ತೆ ಬೈಯುತ್ತಲೇ ಸೆರಗು ಬಿಗಿದು ಒದ್ದೆ ಗೋಣಿ ಹೊತ್ತಳು. ಎಣಿಸಿದರೆ ಮಗಳೂ ಸೇರಿ ಒಂಬತ್ತು. ಚಿಕ್ಕಪ್ಪ ಯಾವಾಗಲೋ ಎದ್ದು ಹೋಗಿದ್ದ.

“ಒಂಬತ್ತಾದ್ರೇನು? ಹಚ್ಚೇ ಬಿಡು,” ಎಂದ ಡ್ರೈವರ್.

“ಹತ್ತು ಅಂದ್ರೆ ಹತ್ತು. ಅಪ್ಪನ ಕಾಗದ ಇದು.”

ಸಾಲು ಅಗೆಯುತ್ತಲೇ ಮೂರೂ ಕಾಲಾಯಿತು. ಮೂರೂವರೆಯಾಯಿತು. ಕೊನೆಗೆ ಚಿಕ್ಕಪ್ಪ ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ಏದುಸಿರು ಬಿಡುತ್ತ ಹತ್ತಿ ಬಂದ. ಕಾಲಲ್ಲಿ ಬೆಳಗಿನ ಪಾಲಿಶ್ ಬೂಟು.

“ಬೂಟು ಹಾಳಾಗುತ್ತೆ ಚಿಕ್ಕಪ್ಪ.”

“ಹಾಳಾಗ್ಲಿ ಬಿಡೆ. ಎಲ್ಲಿ ನಿಲ್ಲಲಿ, ಅಷ್ಟು ಹೇಳು.”

ಅವಳು ಮೇಲಿನ ಅಂಚಿನಿಂದ ಹಚ್ಚಿದಳು. ಗಾಳಿಗೆ ಎದುರಾಗಿ ಬೆಂಕಿ ನಿಧಾನವಾಗಿ ಇಳಿಜಾರು ಇಳಿಯಿತು. ಮೊಣಕಾಲು ಮೀರಲಿಲ್ಲ. ಮೊದಲ ಹೊಗೆ ಬಂದಾಗ ಚಿಕ್ಕಪ್ಪ ಸಲಿಕೆ ನೆಲಕ್ಕೂರಿ ನಿಂತ, ಕಾಲು ಹಿಂದೆ ಸರಿಯಲಿಲ್ಲ. ಐದೂವರೆಗೆ ಬೆಂಕಿ ಅಗೆದ ಸಾಲಿಗೆ ಬಂದು, ತಿನ್ನಲು ಏನೂ ಸಿಗದೆ ಆರಿತು. ಹಿಂದಿನ ಬೆಂಕಿಯಲ್ಲಿ ಉಳಿದಿದ್ದ ದೊಡ್ಡ ಮರಗಳು ಬುಡ ಕಪ್ಪಾಗಿಸಿಕೊಂಡು ಹಸಿರಾಗಿಯೇ ನಿಂತಿದ್ದವು.

ಅವಳು ಮನೆಗೆ ಬಂದಾಗ ಜಗಲಿಯಲ್ಲಿ ಸುತ್ತಿಗೆಯ ಸದ್ದು. ಬೂದಿ ಮೆತ್ತಿದ ಬೂಟಿನಲ್ಲೇ ಚಿಕ್ಕಪ್ಪ ಗೋಡೆಯ ಬಿಲ್ಲೆಗೆ ಮುಖವಿಟ್ಟು ನಿಂತಿದ್ದ. ಖಾಲಿ ಉಂಗುರಗಳನ್ನು ಬೆರಳಿನಿಂದ ದಾಟಿ, ಹೊರಗಿನ ತೊಗಟೆಗೆ ಪೆಟ್ಟಿಗೆಯಿಂದ ಉಳಿದ ಮೊಳೆ ಇಟ್ಟು ಹೊಡೆಯುತ್ತಿದ್ದ. ತೊಗಟೆ ಚೂರು ಸೀಳಿತು. ಮೊಳೆ ನಿಂತಿತು.