ತಕ್ಕಡಿಗೆ ಇಲ್ಲದ ಸೂತಕ

ಪುಟ್ಟಮಲ್ಲಪ್ಪ ಶಿವಾಧೀನನಾದ ಸುದ್ದಿ ಗುಂಡ್ಲುಪೇಟೆಗೆ ಬಂದದ್ದು ಸೋಮವಾರ ಮಧ್ಯಾಹ್ನ. ಅವನ ತಾಯಿ ಪುಟ್ಟಬಸಮ್ಮ ಆಗತಾನೆ ಲಿಂಗಪೂಜೆ ಮುಗಿಸಿ ಮುದ್ದೆಗೆ ಎಸರಿಟ್ಟಿದ್ದಳು. ಮಗನ ಜೊತೆ ಗಾಡಿ ಹೊಡೆಯುತ್ತಿದ್ದ ಮರಿಯಪ್ಪ ಬಾಗಿಲಲ್ಲಿ ಬಂದು ನಿಂತ. ತಲೆವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

"ಬಂಡೀಪುರದ ಇಳಿಜಾರಲ್ಲಿ ಬಿದಿರಿನ ಗಾಡಿ ಮಗುಚ್ಕತು ಕಣವ್ವ. ದನ ಎರಡೂ ಉಳ್ಕಂಡೊ."

ಮಗನ ವಿಷಯ ಅವನ ಬಾಯಿಂದ ಹೊರಡಲಿಲ್ಲ. ಪುಟ್ಟಬಸಮ್ಮ ಒಲೆಯ ಕೊಳ್ಳಿ ಹಿಂದಕ್ಕೆಳೆದು ಅಲ್ಲೇ ಕುಸಿದಳು.

ಮಂಗಳವಾರ ಬೆಳಿಗ್ಗೆ ಮಠದ ಶಿವರುದ್ರಸ್ವಾಮಿಗಳು ಮುಂದೆ ನಿಂತು, ದೇಹವನ್ನು ಕುಳಿತ ಭಂಗಿಯಲ್ಲಿಟ್ಟು, ಅಂಗೈಗೆ ಇಷ್ಟಲಿಂಗ ಕೊಟ್ಟು ಮಣ್ಣು ಮಾಡಿಸಿದರು. ಮೂವತ್ತೆಂಟು ವರ್ಷದ ಮಗನಿಗೆ ಎಪ್ಪತ್ತರ ಹತ್ತಿರದ ತಾಯಿ ಹಿಡಿಮಣ್ಣು ಹಾಕಿದಳು.

ಅವನು ಬಿಟ್ಟುಹೋದದ್ದು ಒಬ್ಬಳೇ ಮಗಳನ್ನು. ಹದಿನಾರು ವರ್ಷದ ಗಂಗಾಂಬಿಕೆ, ತಾಯಿಯಿಲ್ಲದೆ ಅಜ್ಜಿಯ ಮಡಿಲಲ್ಲಿ ಬೆಳೆದವಳು. ಆ ವರ್ಷ, ಐವತ್ತೇಳರಲ್ಲಿ, ಎಸ್.ಎಸ್.ಎಲ್.ಸಿ. ಪಾಸು ಮಾಡಿದ್ದಳು. ಮೈಸೂರಿನಲ್ಲಿ ಉಪಾಧ್ಯಾಯಿನಿಯರ ತರಬೇತಿಗೆ ಸೇರುವ ಬಡ ಹುಡುಗಿಯರಿಗೆ ಊಟ, ವಸತಿ ಸಹಿತ ಸ್ಕಾಲರ್‌ಶಿಪ್ ಕೊಡುತ್ತಾರೆಂದು ತಿಳಿದು ಪುಟ್ಟಮಲ್ಲಪ್ಪನೇ ಓಡಾಡಿ ಅರ್ಜಿ ಹಾಕಿಸಿದ್ದ. ಗುರುವಾರ ಹತ್ತು ಗಂಟೆಗೆ ಚಾಮರಾಜನಗರದಲ್ಲಿ ಸಂದರ್ಶನ. ಹಾಜರಾಗದವರ ಅರ್ಜಿ ವಜಾ ಎಂದು ಕಾರ್ಡಿನಲ್ಲಿ ಅಚ್ಚಾಗಿತ್ತು.

ಬುಧವಾರ ಸಂಜೆ ಸ್ವಾಮಿಗಳೂ ನಾಲ್ಕು ಜನ ನೆಂಟರೂ ಜಗಲಿಯಲ್ಲಿ ಕೂತಿದ್ದಾಗಲೇ ಪುಟ್ಟಬಸಮ್ಮ ಮೊಮ್ಮಗಳನ್ನು ಕರೆದು ಹೇಳಿದಳು:

"ನಾಳೆ ಮೊದಲ್ನೇ ಬಸ್ಗೆ ಓಗನ ಕಣಮ್ಮಿ. ಸೀರೆ ಒಗ್ದು ಒಣಾಕು."

ಅವಳ ಭಾವನ ಮಗ ವೃಷಭೇಂದ್ರಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದ. ಅಂಗಡಿ ಬೀದಿಯಲ್ಲಿ ದವಸದ ವ್ಯಾಪಾರ ಅವನದು.

"ಏನ್ ಚಿಕ್ಕವ್ವ, ಸೂತಕದ ಮನೆ ಎಣ್ಣ ಅನ್ನೊಂದು ದಿನ ತುಂಬೋಗಂಟ ಒಸ್ಲು ದಾಟ್ಸೀಯಾ? ಊರು ಏನಂದದು?"

"ಊರ್ಗೆ ಬಾಯಿ ಅದೆ, ಅಂದ್ಕಳ್ಲಿ ಬುಡು."

"ಓದಿ ಯಾವ ರಾಜ್ಯ ಆಳ್ಬೇಕು ಇವ್ಳು? ನನ್ ಬಾಮೈದ ಒಪ್ಪವ್ನೆ. ಅನ್ನೊಂದು ಕಳುದ್ರೆ ಲಗ್ನ ಮಾಡ್ಬುಡನ."

"ಅವನ ಮೊದ್ಲೆಂಡ್ತಿ ಮಗ ಇವ್ಳ ಜೊತೇಲೆ ಪರೀಕ್ಷೆ ಕಟ್ಟಿ ಪೇಲಾದ ಕಣಪ್ಪ. ಇವ್ಳು ಓಗಿ ಅವ್ನಿಗೆ ಅವ್ವ ಆಗ್ಬೇಕಾ?"

ಜಗಲಿಯಲ್ಲಿ ಯಾರೋ ಕೆಮ್ಮಿನಲ್ಲಿ ನಗೆ ಮುಚ್ಚಿಕೊಂಡರು. ವೃಷಭೇಂದ್ರಪ್ಪನ ಮುಖ ಕಪ್ಪಿಟ್ಟಿತು. "ಬುದ್ಧೀ, ನೀವಾದ್ರೂ ಒಂದ್ ಮಾತು ಏಳಿ," ಎಂದ.

ಪುಟ್ಟಬಸಮ್ಮ ಸ್ವಾಮಿಗಳಿಗೆ ಕೈಮುಗಿದಳು. "ನಾನೇ ಕೇಳ್ತೀನಿ ಬುದ್ಧಿ. ಲಿಂಗ ಕಟ್ಟಿದೋರ್ಗೆ ಸಾವಿನ ಸೂತಕ ಉಂಟಾ? ನಂಗೆ ಲಿಂಗ ಕಟ್ದಾಗ ನಿಮ್ ಗುರುಗಳು ಇಲ್ಲ ಅಂದಿದ್ರು."

ಸ್ವಾಮಿಗಳು ವೃಷಭೇಂದ್ರಪ್ಪನ ಕಡೆ ನೋಡಿದರು. ಮಠದ ದಾಸೋಹಕ್ಕೆ ಅಕ್ಕಿ ಬರುತ್ತಿದ್ದದ್ದು ಅವನ ಅಂಗಡಿಯಿಂದ.

"ಧರ್ಮದಲ್ಲಿ ಇಲ್ಲ ತಾಯಿ. ಆದರೆ ರೂಢಿಯಲ್ಲಿ..."

"ಧರ್ಮದಲ್ಲಿಲ್ದೆ ಇರದು ನಮ್ಮನೇಲೂ ಇಲ್ಲ ಬುದ್ಧಿ." ಅವಳು ಭಾವನ ಮಗನತ್ತ ತಿರುಗಿದಳು. "ನೆನ್ನೆ ತಮ್ಮನ್ನ ಮಣ್ಮಾಡಿ ಬಂದು ಮದ್ಯಾನಕ್ಕೇ ಅಂಗ್ಡಿ ಬಾಗ್ಲು ತೆಗ್ದೆಯಲ್ಲ ಮಗ, ನಿನ್ ತಕ್ಕಡಿಗೆ ಇಲ್ದಿದ್ ಸೂತಕ ನನ್ ಮೊಮ್ಮಗಳ ಪುಸ್ತಕಕ್ಕೆ ಎಲ್ಲಿಂದ ಬಂತು?"

"ಅನ್ನೊಂದ್ನೇ ದಿನದ ಗಣಾರಾಧನೆ ಊಟಕ್ಕೆ ಅಕ್ಕಿ ಕೇಳ್ಕಂಡು ನನ್ ಅಂಗ್ಡಿ ಮೆಟ್ಲು ಅತ್ಬೇಡ!" ಎಂದು ಅವನು ಜೋಡು ಮೆಟ್ಟಿ ಹೊರಟ.

"ಮುದ್ದೆ ಉಣ್ಣೋ ಶರಣ್ರೂ ಅವ್ರೆ, ಓಗಪ್ಪ!"

ಎಲ್ಲರೂ ಹೋದ ಮೇಲೆ ಪುಟ್ಟಬಸಮ್ಮ ಅಡಿಗೆಮನೆಗೆ ಹೋಗಿ, ಸೆರಗು ಬಾಯಿಗೊತ್ತಿಕೊಂಡು, ಮೊಮ್ಮಗಳಿಗೆ ಕೇಳಿಸದಂತೆ ಅತ್ತಳು.

ಮರುದಿನ ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಚಾಮರಾಜನಗರ ಮುಟ್ಟಿದರು. ಸೋಮವಾರ ಮಗ ತೀರಿಕೊಂಡನೆಂದು ಪುಟ್ಟಬಸಮ್ಮ ಹೇಳಿದ್ದನ್ನು ಕೇಳಿ, ಕಚೇರಿಯ ಗುಮಾಸ್ತ ಅರ್ಜಿ ತಿರುವಿ ಹಾಕಿ ತಲೆಯಾಡಿಸಿದ.

"ರಕ್ಷಕರು ಅಂತ ಸಹಿ ಮಾಡಿರೋರು ತೀರ್ಕೊಂಡಿದ್ದಾರೆ. ಗಂಡಸರನ್ನ ಯಾರನ್ನಾದ್ರೂ ಕರ್ಕೊಂಡು ಬಾರಮ್ಮ. ಇಲ್ದಿದ್ರೆ ಮುಂದಿನ ವರ್ಷ ನೋಡೋಣ."

"ಮುಂದ್ಲೊರ್ಸಕ್ಕೆ ನಾನೇ ಇರ್ತೀನೋ ಇಲ್ವೊ ಸ್ವಾಮಿ. ಸಾಕ್ದೋಳು ನಾನು, ರಕ್ಷಣೆ ಮಾಡೋಳೂ ನಾನೇಯ. ಮಸಿ ಎಲ್ಲದೆ, ಕೊಡಿ."

ಮಾತು ಒಳಗೆ ಕೇಳಿಸಿರಬೇಕು. ಶಾಲಾ ಇನ್ಸ್‌ಪೆಕ್ಟ್ರೆಸ್ ಮಹಾಲಕ್ಷ್ಮಮ್ಮನವರು ಇಬ್ಬರನ್ನೂ ಕರೆಸಿದರು. ಹುಡುಗಿಯ ಹಣೆಯ ವಿಭೂತಿಯನ್ನೂ ಊದಿದ ಕಣ್ಣುಗಳನ್ನೂ ನೋಡಿ, "ತಂದೆ ಹೋಗಿ ಮೂರು ದಿನ. ಓದಿದ್ದು ನೆನಪಿದೆಯೇನಮ್ಮ?" ಎಂದರು.

"ಅಪ್ಪ ಹೋದ್ರು ಅಮ್ಮಾವ್ರೆ, ಓದಿದ್ದು ಹೋಗಿಲ್ಲ. ಕೇಳಿ," ಎಂದಳು ಗಂಗಾಂಬಿಕೆ.

ಅವರು ಲೆಕ್ಕ ಕೇಳಿದರು, ವ್ಯಾಕರಣ ಕೇಳಿದರು. ಎಲ್ಲಕ್ಕೂ ಉತ್ತರ ತಡವಿಲ್ಲದೆ ಬಂತು. ತಂದೆಯ ಉದ್ಯೋಗವೇನೆಂದಾಗ ಮಾತ್ರ ಅಜ್ಜಿಯ ಕಡೆ ನೋಡಿದಳು. "ಗಾಡಿ ಹೊಡೀತಾರೆ," ಎಂದಳು. ಅದನ್ನು ಯಾರೂ ತಿದ್ದಲಿಲ್ಲ.

ಮಹಾಲಕ್ಷ್ಮಮ್ಮನವರು ಮಸಿಯ ಡಬ್ಬಿಯನ್ನು ಮುದುಕಿಯ ಕಡೆ ಸರಿಸಿದರು. "ಒತ್ತಿ ತಾಯಿ, ಇಲ್ಲಿ." ಗುಮಾಸ್ತ ಏನೋ ಹೇಳಲು ಬಾಯಿ ತೆರೆದ. "ನಿಯಮದಲ್ಲಿ ಗಂಡಸು ಅಂತ ಎಲ್ಲಿದೆ, ತೋರಿಸ್ರೀ," ಎಂದು ಅವನನ್ನು ಸುಮ್ಮನಾಗಿಸಿ, ಪಟ್ಟಿಯಲ್ಲಿ ಗಂಗಾಂಬಿಕೆಯ ಹೆಸರು ಬರೆದರು. ಜುಲೈ ಒಂದನೆಯ ತಾರೀಕು ಅವಳು ಹಾಸಿಗೆ, ತಟ್ಟೆ ಹಿಡಿದು ಮೈಸೂರಿಗೆ ಹಾಜರಾಗಬೇಕು.

ಸಂಜೆ ಊರಿಗೆ ಬಂದ ಪುಟ್ಟಬಸಮ್ಮ ಮನೆಗೆ ಹೋಗಲಿಲ್ಲ. ಅಂಗಡಿ ಬೀದಿಯ ನಡುವೆಯೇ ಮೊಮ್ಮಗಳ ಕೈಹಿಡಿದು, ನೋಡುವವರೆಲ್ಲ ನೋಡಲೆಂದು ತಲೆಯೆತ್ತಿ ನಡೆದು, ರುದ್ರಭೂಮಿಗೆ ಹೋದಳು. ಇನ್ನೂ ಹಸಿಯಾಗಿದ್ದ ಮಣ್ಣಿನ ಮುಂದೆ ಮಂಡಿಯೂರಿ ಕೈಮುಗಿದಳು.

"ಶಿವನೇ, ಬಂಡಿ ಎಳ್ದು ಎಳ್ದು ದಣಿದೋನು ನನ್ ಕಂದ. ಮಗಳ ಚಿಂತೆ ಅವ್ನಿಗೆ ಇನ್ ಬ್ಯಾಡ, ಅದ ನಾನು ಒತ್ಕಂಡಿವ್ನಿ. ನಿನ್ ಪಾದದ ನೆಳ್ಳಲ್ಲಿ ಅವನ್ನ ಮಲಗುಸ್ಕೊ ತಂದೆ. ಅವನ ಆತ್ಮಕ್ಕೆ ಶಾಂತಿ ಕೊಡು."