ಅಂಗೈಯಗಲದ ಮಣೆ

ಕಂಪನಿ ನೋಡಿಕೊಳ್ಳುವ ಜಾಲತಾಣಗಳಲ್ಲಿ ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ಗುರುತು ಹಾಕಿದ ಮೇಲೆ ಅವನ ಬೆರಳು ನಿಂತಿತು. ಹಲ್ಲಿನ ಆಸ್ಪತ್ರೆ, ಬೀಗದ ಅಂಗಡಿ, ಈಜುಕೊಳ, ಎರಡು ಶಾಲೆ, ಎಲ್ಲವೂ ಹೊಸ ಅಪ್‌ಡೇಟಿಗೆ ತಲೆಯೊಡ್ಡಿ ಕೂತಿದ್ದವು. ಉಳಿದದ್ದು ಚದುರಂಗ ಕ್ಲಬ್ಬು.

"ಅದೊಂದನ್ನ ಯಾಕ್ರೀ ಪ್ರತಿ ಸಲ ಬಿಡ್ತೀರಿ?" ಬೆನ್ನ ಹಿಂದೆ ಮ್ಯಾನೇಜರ್.

"ಅದರಲ್ಲಿ ಸ್ವಲ್ಪ ಬೇರೆ ಥರ ಇದೆ ಸರ್."

"ಬೇರೆ ಥರ ಯಾಕಿರಬೇಕು? ಕ್ಲಬ್ಬಿನವರು ಕೇಳಿದ್ರಾ?"

"ನೋಡ್ತೀನಿ ಸರ್."

"ನೋಡೋದೇನು ಬಂತು. ಸಂಜೆಯೊಳಗೆ ಮುಗಿಸಿ."

ಕ್ಲಬ್ಬಿನವರು ಕೇಳಿರಲಿಲ್ಲ. ಅವರು ತಾಣದಲ್ಲಿ ದಿನಕ್ಕೊಂದು ಸಮಸ್ಯೆ ಹಾಕುತ್ತಾರೆ, ಇಷ್ಟು ನಡೆಯಲ್ಲಿ ರಾಜನನ್ನು ಕಟ್ಟಿಹಾಕಿ ಎಂದು. ಅಪ್ಪನಿಗೆ ಬದುಕಿನಲ್ಲಿ ಉಳಿದಿದ್ದ ರುಚಿ ಅದೊಂದೇ. ಅವರ ಕಣ್ಣು ಮಂಜಾಗುತ್ತ ಬಂದಾಗ ಅವನು ಯಾರಿಗೂ ಹೇಳದೆ ಮಣೆಯನ್ನು ಪರದೆ ತುಂಬುವಷ್ಟು ಹಿಗ್ಗಿಸಿದ್ದ, ಕಾಯಿಗಳ ಅಂಚನ್ನು ದಪ್ಪ ಮಾಡಿದ್ದ. ಆ ತಿದ್ದುಪಡಿಯನ್ನು ಬೇರೆ ಕಡತದಲ್ಲಿಟ್ಟಿದ್ದರೆ ಅಪ್‌ಡೇಟ್ ಅದನ್ನು ಮುಟ್ಟುತ್ತಿರಲಿಲ್ಲ. ಆದರೆ ಮ್ಯಾನೇಜರ್ ಕಣ್ಣಿಗೆ ಬೀಳುತ್ತಿತ್ತು. ಅದಕ್ಕೇ ಮೂಲ ಕಡತದೊಳಗೇ ಕೈಯಾಡಿಸಿದ್ದ. ಈಗ ಒತ್ತಿದರೆ ಹೊಸ ಕಡತ ಬಂದು ಅದನ್ನೆಲ್ಲ ಗುಡಿಸಿಹಾಕುತ್ತದೆ.

ಅರ್ಧ ಗಂಟೆ ಕೂತರೆ ಅದನ್ನು ಬೇರೆ ಕಡೆಗೆ ಎತ್ತಿಡಬಹುದಿತ್ತು. ಮ್ಯಾನೇಜರಿಗೆ ಏನಾದರೊಂದು ಸಬೂಬು ಹೇಳಬಹುದಿತ್ತು.

ಆದರೆ ಬೆಳಿಗ್ಗೆ ಅಪ್ಪ ಹೇಳಿದ್ದರು: "ಆ ಕ್ಲಬ್ಬಿನ ಹುಡುಗರನ್ನ ನೋಡು. ನನ್ನಂಥ ಮುದುಕರಿಗೂ ಕಾಣ್ಲಿ ಅಂತ ಎಷ್ಟು ದೊಡ್ಡದಾಗಿ ಮಾಡಿದಾರೆ. ನೀನೂ ಇದೀಯ, ಇಡೀ ದಿನ ಅದೇನು ಕುಟ್ತೀಯೋ."

ಅವನು ಬೂಟು ಕಟ್ಟಿಕೊಳ್ಳುತ್ತಿದ್ದ. ಹೇಳಬಹುದಿತ್ತು. ಮಾಡಿದ್ದು ನಾನೇ ಎಂದು ಹೇಳಿಕೊಂಡರೆ ಹೊಗಳಿಕೆಯ ಭಿಕ್ಷೆ ಬೇಡಿದಂತಾಗುತ್ತದೆ ಎನಿಸಿ ಲಾಡಿ ಬಿಗಿದು ಹೊರಟ. ಹಿತ್ತಲ ಗಿಡ ಮದ್ದಲ್ಲ, ಸರಿ. ಆದರೆ ಅದೇ ಮದ್ದು ಕುಡಿದು ಪಕ್ಕದ ಮನೆಯವರಿಗೆ ಕೈಮುಗಿಯುವುದೆಂದರೇನು? ಆ ಸಿಟ್ಟು ಬಸ್ಸಿನಲ್ಲಿ ಬೆಳೆದು, ಮಧ್ಯಾಹ್ನದ ಊಟ ಕೆಡಿಸಿ, ಈಗ ಬೆರಳ ತುದಿಗೆ ಬಂದು ಕೂತಿತ್ತು.

ಕ್ಲಬ್ಬಿಗೂ ಗುರುತು ಹಾಕಿದ. ಒತ್ತಿದ. ಹಸಿರು ಗೆರೆ ಈ ತುದಿಯಿಂದ ಆ ತುದಿಗೆ ಓಡಿತು. ಎಲ್ಲವೂ ಯಶಸ್ವಿ ಎಂದಿತು. ಅವನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ.

ಮನೆಗೆ ಬಂದಾಗ ಅಪ್ಪ ಪರದೆಯ ಮುಂದಿದ್ದರು. ಮಣೆ ಅಂಗೈಯಗಲಕ್ಕೆ ಕುಗ್ಗಿ ಮೂಲೆ ಸೇರಿತ್ತು. ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಬಂದ್ಯಾ? ಕುದುರೆ ಯಾವುದು, ಒಂಟೆ ಯಾವುದು ತಿಳೀತಿಲ್ಲ ಕಣೋ." ದನಿಯಲ್ಲಿ ಎಂದಿನ ಗತ್ತಿರಲಿಲ್ಲ. "ಬೆಳಿಗ್ಗೆ ತನಕ ಚೆನ್ನಾಗೇ ಕಾಣ್ತಿತ್ತು. ಕಣ್ಣು ಪೂರ್ತಿ ಹೋಯ್ತು ಅನ್ಸುತ್ತೆ."

ಕೀಲಿಮಣೆಯ ಎರಡು ಗುಂಡಿ ಒತ್ತಿದರೆ ಸದ್ಯಕ್ಕೆ ಪುಟವಾದರೂ ಹಿಗ್ಗುತ್ತಿತ್ತು. ಅವನ ಕೈ ಜೇಬಿನಲ್ಲೇ ಇತ್ತು. ನಿಮ್ಮ ಕ್ಲಬ್ಬಿನ ಹುಡುಗರನ್ನೇ ಕೇಳಿ ಎಂಬ ಮಾತು ನಾಲಿಗೆಯ ತನಕ ಬಂದು ಕಹಿಯಾಗಿ ನಿಂತಿತು.

"ವಯಸ್ಸಾಯ್ತಲ್ಲ ಅಪ್ಪ," ಎಂದ.

"ಹೂಂ. ಆ ಲೈಟಾದ್ರೂ ಹಾಕು."

ಲೈಟು ಉರಿಯುತ್ತಲೇ ಇತ್ತು. ಅವನು ಗೋಡೆಯ ಹತ್ತಿರ ಹೋಗಿ ಅದನ್ನು ಆರಿಸಿ, ಮತ್ತೆ ಹಾಕಿದ.

"ಹಾಂ, ಈಗ ಪರವಾಗಿಲ್ಲ," ಎಂದರು ಅಪ್ಪ. ಮೂಗು ತಾಗುವಷ್ಟು ಮುಂದಕ್ಕೆ ಬಾಗಿದರು. ಅವರ ಉಸಿರು ಗಾಜಿನ ಮೇಲೆ ಹಬೆಯಾಗಿ ಹರಡಿ ಇಡೀ ಮಣೆಯನ್ನು ಮುಚ್ಚಿತು. ಆ ಮಬ್ಬಿನ ಮೇಲೆ ಬೆರಳಿಟ್ಟು ಅವರು ಕಾಣದ ಕಾಲಾಳೊಂದನ್ನು ನಿಧಾನವಾಗಿ ಮುಂದೆ ನಡೆಸುತ್ತಿದ್ದರು.